ಸ್ಥಳ, ಸಭೆ, ಪಂಕ್ತಿ: ಕ್ರೈಸ್ತ ಸಮುದಾಯತತ್ತ್ವದ ಒಂದು ವಿವೇಚನೆ

1

ಕ್ರೈಸ್ತ ದೈವಶಾಸ್ತ್ರದಲ್ಲಿ ‘ಚರ್ಚ್’ ಎಂಬುದು ಮೂಲತಃ ಕಟ್ಟಡದ ಹೆಸರಲ್ಲ, ಒಂದು ಜನಸಮುದಾಯದ ಹೆಸರು ಎಂಬ ಸಂಗತಿ ಆ ಶಾಸ್ತ್ರದ ಅಲ್ಪಪರಿಚಯವಿದ್ದವರಿಗೂ ತಿಳಿದದ್ದೇ. ಆದರೆ ಆ ಸಮುದಾಯವನ್ನು ಸಮುದಾಯವನ್ನಾಗಿ ಮಾಡುವ ಅಂಶ ಯಾವುದು, ಅದು ನಿಜಕ್ಕೂ ಅಸ್ತಿತ್ವದಲ್ಲಿದೆಯೆ ಎಂಬುದನ್ನು ಯಾವ ನೆಲೆಯಲ್ಲಿ ನಿಂತು ಪರೀಕ್ಷಿಸಬೇಕು ಎಂಬ ಪ್ರಶ್ನೆಗಳು ಅಷ್ಟು ಸುಲಭದವಲ್ಲ. ಮಧ್ಯಕಾಲೀನ ಕನ್ನಡ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಈ ಪ್ರಶ್ನೆಗಳು ಹೊರಗಿನವೆಂದು ತೋರುವುದಿಲ್ಲ. ಶರಣಸಂಕುಲ, ಜೈನಸಂಘ, ದಾಸಕೂಟ ಎಂಬ ಮಾತುಗಳನ್ನು ನಾವು ನಿತ್ಯವೂ ಬಳಸುತ್ತೇವೆ. ಆದರೆ ಆ ಮಾತುಗಳ ಹಿಂದಿರುವ ಸಮುದಾಯದ ಸ್ವರೂಪವನ್ನು ಅಷ್ಟೇ ಗಂಭೀರವಾಗಿ ವಿಚಾರಿಸಿದ್ದೇವೆಯೆ ಎಂಬ ಸಂದೇಹಕ್ಕೆ ಅವಕಾಶವಿದೆ. ಎರಡು ಸಾವಿರ ವರ್ಷಗಳಿಂದ ಇದೇ ಪ್ರಶ್ನೆಯನ್ನು ಬಿಡದೆ ಕೇಳಿಕೊಂಡು ಬಂದಿರುವ ಒಂದು ಪರಂಪರೆಯನ್ನು ಅದು ನಮ್ಮ ನೆಲದಲ್ಲಿ ಎದುರಿಸಿದ ಪರೀಕ್ಷೆಯ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪದಗಳನ್ನು ಗಮನಿಸಬಹುದು. ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಬಳಕೆಯಾಗಿರುವ ಶಬ್ದ ‘ಎಕ್ಲೇಸಿಯ’. ಕರೆಯಲ್ಪಟ್ಟು ಕೂಡಿದವರ ಸಭೆ ಎಂಬುದು ಅದರ ಸ್ಥೂಲವಾದ ಅರ್ಥ. ಹೀಬ್ರೂ ಧರ್ಮಗ್ರಂಥದ ಗ್ರೀಕ್ ಅನುವಾದದಲ್ಲಿ ‘ಕಾಹಾಲ್’ ಎಂಬ, ದೇವರ ಸನ್ನಿಧಿಯಲ್ಲಿ ಕೂಡಿದ ಇಸ್ರಾಯೇಲ್ ಜನರನ್ನು ಹೇಳುವ ಪದಕ್ಕೆ ಇದೇ ಶಬ್ದ ಹಲವೆಡೆ ಸಂವಾದಿಯಾಗಿ ಬಂದಿದೆ. ನಾಲ್ಕು ಸುವಾರ್ತೆಗಳಲ್ಲಿ ಅದು ಕಾಣಿಸುವುದು ಮತ್ತಾಯನ ಸುವಾರ್ತೆಯಲ್ಲಿ ಮಾತ್ರ. ಪೌಲನ ಪತ್ರಗಳಲ್ಲಿ ಅದು ಹೇರಳವಾಗಿದೆ. ಇಂಗ್ಲಿಷಿನ ‘ಚರ್ಚ್’ ಎಂಬ ಪದ ಈ ಮೂಲದಿಂದ ಬಂದುದಲ್ಲ. ಅದು ‘ಪ್ರಭುವಿಗೆ ಸೇರಿದ್ದು’ ಎಂಬ ಅರ್ಥದ, ಪ್ರಭುವಿನ ಮನೆಯನ್ನು ಸೂಚಿಸುವ ‘ಕುರಿಯಾಕೊನ್’ ಎಂಬ ಬೇರೊಂದು ಗ್ರೀಕ್ ಶಬ್ದದಿಂದ ನಿಷ್ಪನ್ನವಾದುದು. ಇದಕ್ಕೆ ವಿರುದ್ಧವಾಗಿ, ಕರಾವಳಿಯ ಕನ್ನಡದಲ್ಲಿ ಕೊಂಕಣಿಯ ಮೂಲಕ ನೆಲೆಸಿರುವ ‘ಇಗರ್ಜಿ’ ಎಂಬ ಮಾತು ಪೋರ್ಚುಗೀಸಿನ ‘ಇಗ್ರೇಜ’ದಿಂದ, ಅದು ಲ್ಯಾಟಿನ್ನಿನ ಮೂಲಕ ‘ಎಕ್ಲೇಸಿಯ’ದಿಂದಲೇ ಬಂದುದು. ಮಂಗಳೂರಿನ ರೈತನೊಬ್ಬ ಇಗರ್ಜಿ ಎಂದಾಗ ಅವನ ಮನಸ್ಸಿನಲ್ಲಿರುವುದು ಹಂಚಿನ ಮಾಡು, ಗಂಟೆಗೋಪುರಗಳ ಕಟ್ಟಡವೇ. ಆದರೂ ಶಬ್ದದ ವಂಶಾವಳಿಯನ್ನು ನೋಡಿದರೆ ಅವನು ಆಡುತ್ತಿರುವುದು ಜನರ ಸಭೆಯನ್ನು ಹೇಳುವ ಮಾತು. ಕಟ್ಟಡವೆಂಬ ಅರ್ಥ ಜನವೆಂಬ ಅರ್ಥವನ್ನು ನುಂಗಿಹಾಕಿದ ಪ್ರಕ್ರಿಯೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಕನ್ನಡದ ಬೈಬಲ್ ಅನುವಾದಕರು ಆರಿಸಿಕೊಂಡ ಪದ ‘ಸಭೆ’. 1810ರಿಂದ ಬಳ್ಳಾರಿಯಲ್ಲಿ ನೆಲೆನಿಂತ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಮುಂದಾಳುತನದಲ್ಲಿ ಮೊದಲುಗೊಂಡು, ಮುಂದೆ ಹಲವು ಪರಿಷ್ಕರಣಗಳನ್ನು ಕಂಡ ಆ ಅನುವಾದದ ಪರಂಪರೆಯಿಂದ ‘ಕ್ರೈಸ್ತಸಭೆ’, ‘ಸಭಾಪಾಲಕ’, ‘ಸಭಾಹಿರಿಯ’ ಎಂಬ ಮಾತುಗಳು ಪ್ರಾಟೆಸ್ಟೆಂಟರಲ್ಲಿ ರೂಢಿಗೊಂಡವು. ಕಥೋಲಿಕರು ಅದಕ್ಕೆ ‘ಧರ್ಮ’ವನ್ನು ಸೇರಿಸಿ ‘ಧರ್ಮಸಭೆ’ ಎಂದರು. ತಮಿಳಿನಲ್ಲಿ ‘ತಿರುಚ್ಚಬೈ’ ಎಂದಾಯಿತು. ಕಟ್ಟಡವನ್ನು ಬಿಟ್ಟು ಜನವನ್ನು ಹಿಡಿದ ಈ ಆಯ್ಕೆ ಮೇಲುನೋಟಕ್ಕೆ ಮೂಲಕ್ಕೆ ನಿಷ್ಠವಾದದ್ದು. ಆದರೆ ‘ಸಭೆ’ ನಿರ್ದೋಷಿಯಾದ ಪದವಲ್ಲ. ಅದಕ್ಕೆ ನಮ್ಮಲ್ಲಿ ತನ್ನದೇ ಆದ ಚರಿತ್ರೆಯಿದೆ.

2

ತಮಿಳುನಾಡಿನ ಉತ್ತರಮೇರೂರಿನಲ್ಲಿ ಮೊದಲನೆಯ ಪರಾಂತಕ ಚೋಳನ ಕಾಲದ, 919 ಮತ್ತು 921ನೆಯ ಇಸವಿಗಳ ಪ್ರಸಿದ್ಧ ಶಾಸನಗಳಿವೆ. ಬ್ರಹ್ಮದೇಯವಾಗಿದ್ದ ಆ ಗ್ರಾಮದ ‘ಸಭೆ’ ತನ್ನ ವಾರಿಯಗಳಿಗೆ, ಎಂದರೆ ಕಾರ್ಯಸಮಿತಿಗಳಿಗೆ, ಸದಸ್ಯರನ್ನು ಗಡಿಗೆಯಲ್ಲಿ ಚೀಟಿ ಹಾಕಿ ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಆಯ್ಕೆಗೆ ಅರ್ಹನಾಗುವವನಿಗೆ ತೆರಿಗೆ ಕಟ್ಟುವ ಭೂಮಿಯಿರಬೇಕು, ಸ್ವಂತ ನಿವೇಶನದಲ್ಲಿ ಮನೆಯಿರಬೇಕು, ವೇದಜ್ಞಾನವಿರಬೇಕು, ವಯಸ್ಸು ಇಂತಿಷ್ಟರೊಳಗಿರಬೇಕು. ಗ್ರಾಮಸ್ವಾಯತ್ತತೆಯ ದಾಖಲೆಯೆಂದು ಈ ಶಾಸನಗಳನ್ನು ಕೊಂಡಾಡುವುದು ವಾಡಿಕೆ; ಅದು ಸರಿಯೂ ಹೌದು. ಆದರೆ ಈ ‘ಸಭೆ’ ಬ್ರಾಹ್ಮಣರ ಸಭೆ. ಉಳಿದ ಕೃಷಿಕರ ಕೂಟಕ್ಕೆ ‘ಊರ್’ ಎಂಬ ಬೇರೆ ಹೆಸರಿತ್ತು. ಕನ್ನಡ ಶಾಸನಗಳ ಅಗ್ರಹಾರದ ‘ಮಹಾಜನರು’ ಇದಕ್ಕೆ ಸಮೀಪದ ಸಂಸ್ಥೆ. ಹಾಗೆಯೇ ರಾಜಸಭೆ, ವಿದ್ವತ್ಸಭೆ ಎನ್ನುವಲ್ಲಿಯೂ ಸಭೆಯೆಂದರೆ ಅರ್ಹತೆಯಿಂದ ಪ್ರವೇಶ ಪಡೆದವರ ಕೂಟವೇ. ಇಂದಿನ ಚೆನ್ನೈಯಲ್ಲಿ ‘ಸಭಾ’ ಎಂದರೆ ಸಂಗೀತಸಭೆ; ಅದಕ್ಕೂ ಸದಸ್ಯತ್ವವಿದೆ, ಆಸನಗಳ ತರತಮವಿದೆ.

ಇಷ್ಟು ಮಾತ್ರದಿಂದ ಅನುವಾದಕರ ಆಯ್ಕೆ ತಪ್ಪೆಂದು ಹೇಳುವಂತಿಲ್ಲ. ಗ್ರೀಕಿನ ‘ಎಕ್ಲೇಸಿಯ’ವೂ ಇಂಥದೇ ಪದವಾಗಿತ್ತೆಂಬುದನ್ನು ಮರೆಯಬಾರದು. ಅಥೆನ್ಸಿನ ಎಕ್ಲೇಸಿಯದಲ್ಲಿ ಕೂಡುವ ಹಕ್ಕು ವಯಸ್ಕ ಪುರುಷ ಪೌರರದು. ಹೆಂಗಸರು, ಗುಲಾಮರು, ಪರದೇಶಿಗಳು ಅದರ ಹೊರಗೆ. ಅಂಥ ಪದವನ್ನು ಎತ್ತಿಕೊಂಡು ಪೌಲನು ಗುಲಾಮನನ್ನೂ ಒಡೆಯನನ್ನೂ, ಯೆಹೂದ್ಯನನ್ನೂ ಗ್ರೀಕನನ್ನೂ, ಗಂಡನ್ನೂ ಹೆಣ್ಣನ್ನೂ ಒಂದೇ ಎಕ್ಲೇಸಿಯವೆಂದು ಸಂಬೋಧಿಸಿದ. ಎಂದರೆ ಹೊರಗಿಡುವುದರಿಂದಲೇ ಅಸ್ತಿತ್ವ ಪಡೆದಿದ್ದ ಪದವೊಂದನ್ನು ಒಳಗೊಳ್ಳುವಿಕೆಯ ಪದವನ್ನಾಗಿ ತಿರುಗಿಸಿದ. ಕನ್ನಡದ ‘ಸಭೆ’ಗೂ ಅಂಥದೇ ತಿರುವು ಸಾಧ್ಯವಿತ್ತು. ಅದು ಆಯಿತೆ ಎಂಬುದು ನಿಘಂಟಿನಿಂದ ತೀರ್ಮಾನವಾಗುವ ಪ್ರಶ್ನೆಯಲ್ಲ.

ಅನುವಾದಕರ ಎದುರಿಗೆ ಬೇರೆ ಪದಗಳೂ ಇದ್ದವು. ಶ್ರವಣಬೆಳಗೊಳದ ಶಾಸನಗಳಲ್ಲಿ ಸಂಘ, ಗಣ, ಗಚ್ಛ, ಅನ್ವಯಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರ ಚತುರ್ವಿಧ ಸಂಘವೆಂಬ ಕಲ್ಪನೆ ಶಾಶ್ವತವಾದ ಒಂದು ಜನಸಮುದಾಯವನ್ನು ಹೇಳುತ್ತದೆ. ಸಭೆ ಕೂಡುತ್ತದೆ, ಮುಗಿಯುತ್ತದೆ, ಸಂಘ ಮುಗಿಯುವುದಿಲ್ಲ. ವೀರಶೈವ ಸಾಹಿತ್ಯದಲ್ಲಿ ‘ಗಣ’, ‘ಸಂಕುಲ’ಗಳಿದ್ದವು. ಇವು ಅನ್ಯಮತಗಳ ಪಾರಿಭಾಷಿಕ ಪದಗಳೆಂಬ ಅಳುಕಿನಿಂದ ಅನುವಾದಕರು ‘ಸಭೆ’ ಎಂಬ ಲೌಕಿಕ ಪದಕ್ಕೆ ಒಲಿದಿರಬಹುದು. ಏನಿದ್ದರೂ ಈ ಆಯ್ಕೆಯಿಂದ ಒಂದು ಕೊರತೆ ಉಳಿಯಿತು. ಕರೆಯುವಿಕೆ ಮತ್ತು ಕೂಡುವಿಕೆಗಳನ್ನು ಹೇಳುವ ‘ಸಭೆ’, ಕೂಡಿದವರ ನಡುವಿನ ಬಂಧವನ್ನು ಹೇಳುವುದಿಲ್ಲ. ಆ ಬಂಧಕ್ಕೆ ಗ್ರೀಕಿನಲ್ಲಿ ‘ಕೊಯ್ನೊನಿಯ’ ಎಂಬ ಮತ್ತೊಂದು ಪದವಿದೆ. ಕನ್ನಡ ಬೈಬಲಿನಲ್ಲಿ ಅದು ‘ಅನ್ಯೋನ್ಯತೆ’ ಎಂದಾಗಿದೆ. ಗ್ರೀಕಿನ ಪದದಲ್ಲಿ ಪಾಲುದಾರಿಕೆಯ, ಹಂಚಿಕೊಂಡು ಅನುಭವಿಸುವ ಸ್ಪಷ್ಟವಾದ ಭೌತಿಕ ಅರ್ಥವೂ ಇದೆ. ಕನ್ನಡದ ‘ಅನ್ಯೋನ್ಯತೆ’ ಗಂಡಹೆಂಡಿರ, ಗೆಳೆಯರ ಮನೋಭಾವದ ಕಡೆಗೆ ವಾಲುವ ಮಾತು. ಹೀಗಾಗಿ ಕನ್ನಡದಲ್ಲಿ ‘ಸಭೆ’ ಆಡಳಿತದ ಪಾಲಿಗೂ ‘ಅನ್ಯೋನ್ಯತೆ’ ಪ್ರಾರ್ಥನೆಯ ಪಾಲಿಗೂ ಹೋಗಿ, ಇವೆರಡು ಒಂದೇ ವಸ್ತುವಿನ ಎರಡು ಹೆಸರುಗಳೆಂಬ ಅರಿವು ತೆಳುವಾಯಿತು ಎಂಬುದು ನಮ್ಮ ಅಭಿಪ್ರಾಯ.

3

ಈ ಪದಗಳ ವಿಚಾರವನ್ನು ಒಂದು ಸ್ಥಳದಲ್ಲಿಟ್ಟು ನೋಡುವುದಾದರೆ ಚೆನ್ನೈಯ ಬೆಸೆಂಟ್ ನಗರಕ್ಕಿಂತ ಉಚಿತವಾದ ಸ್ಥಳ ದೊರೆಯುವುದು ಕಷ್ಟ. ಅಡಯಾರು ನದಿ ಕಡಲನ್ನು ಸೇರುವ ಎಡೆಯ ದಕ್ಷಿಣಕ್ಕಿರುವ ಈ ಬಡಾವಣೆಯಲ್ಲಿ ಮತ್ತು ಅದರ ಮಗ್ಗುಲಲ್ಲಿ ಸಮುದಾಯದ ಮೂರು ಮಾದರಿಗಳು ಹತ್ತಿರ ಹತ್ತಿರದಲ್ಲಿವೆ.

ಮೊದಲನೆಯದು ಥಿಯಾಸಫಿಕಲ್ ಸೊಸೈಟಿಯದು. 1882ರಲ್ಲಿ ಅಡಯಾರಿನಲ್ಲಿ ನೆಲೆಸಿದ ಈ ಸಂಸ್ಥೆ ಜನಾಂಗ, ಮತ, ಲಿಂಗ, ಜಾತಿ, ಬಣ್ಣಗಳ ಭೇದವಿಲ್ಲದ ವಿಶ್ವಭ್ರಾತೃತ್ವವನ್ನು ತನ್ನ ಪ್ರಥಮ ಧ್ಯೇಯವಾಗಿ ಘೋಷಿಸಿಕೊಂಡಿತು. ಅದರ ವಿಶಾಲವಾದ ತೋಟದಲ್ಲಿ ಹಿಂದೂ ದೇಗುಲ, ಬೌದ್ಧ ಮಂದಿರ, ಮಸೀದಿ, ಕ್ರೈಸ್ತ ದೇವಾಲಯಗಳೆಲ್ಲ ಇವೆ. ಅದರ ಸ್ಥಾಪಕರಲ್ಲೊಬ್ಬರಾದ ಕರ್ನಲ್ ಆಲ್ಕಾಟ್ 1894ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದುದು ಬರಿಯ ಘೋಷಣೆಗೆ ಮೀರಿದ ಕಾರ್ಯ. 1907ರಿಂದ 1933ರಲ್ಲಿ ತೀರಿಕೊಳ್ಳುವವರೆಗೆ ಸೊಸೈಟಿಯ ಅಧ್ಯಕ್ಷೆಯಾಗಿದ್ದ ಆನಿ ಬೆಸೆಂಟರ ಹೆಸರನ್ನೇ ಈ ನಗರ ಹೊತ್ತಿದೆ. ಆಕೆ ಆಂಗ್ಲಿಕನ್ ಪಾದ್ರಿಯೊಬ್ಬರ ಪತ್ನಿಯಾಗಿದ್ದವರು. ಕ್ರಿಸ್ತನ ದೈವತ್ವದಲ್ಲಿ ನಂಬಿಕೆ ಕಳೆದುಕೊಂಡ ಮೇಲೆ ಪ್ರಭುಭೋಜನದ ಸಂಸ್ಕಾರದಲ್ಲಿ ಪಾಲುಗೊಳ್ಳಲು ನಿರಾಕರಿಸಿ, ಅದರ ಫಲವಾಗಿ 1873ರಲ್ಲಿ ಗಂಡನ ಮನೆಯನ್ನು ಬಿಟ್ಟವರು. ನಂಬಿಕೆಯಿಲ್ಲದೆ ಆ ಊಟದಲ್ಲಿ ಕೂರುವುದು ಸುಳ್ಳಾಗುತ್ತದೆಂಬುದು ಆಕೆಯ ನಿಲುವಾಗಿತ್ತು. ಊಟ ಬರಿಯ ಆಚರಣೆಯಲ್ಲ, ಅದು ಸಮುದಾಯದ ಗಡಿ ಎಂಬುದನ್ನು ಆಕೆ ಆ ಸಭೆಯೊಳಗಿನ ಅನೇಕರಿಗಿಂತ ಚೆನ್ನಾಗಿ ತಿಳಿದಿದ್ದರೆಂದೇ ಹೇಳಬೇಕು.

ಎರಡನೆಯದು ಅನ್ನೈ ವೇಳಾಂಕಣ್ಣಿ ಕ್ಷೇತ್ರ. ನಾಗಪಟ್ಟಿನಂ ಜಿಲ್ಲೆಯ ವೇಳಾಂಕಣ್ಣಿಯ ಆರೋಗ್ಯಮಾತೆಯ ಹೆಸರಿನಲ್ಲಿ 1970ರ ದಶಕದಿಂದ ಬೆಳೆದುಬಂದ ಈ ಕ್ಷೇತ್ರದಲ್ಲಿ ಪ್ರತಿವರ್ಷ ಆಗಸ್ಟ್ 29ರಂದು ಧ್ವಜಾರೋಹಣವಾಗಿ, ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನನದ ಹಬ್ಬದೊಡನೆ ಉತ್ಸವ ಮುಗಿಯುತ್ತದೆ. ಕಾವಿ ಬಟ್ಟೆ ತೊಟ್ಟು ಬರಿಗಾಲಲ್ಲಿ ನಡೆದು ಬರುವ ಹರಕೆಯವರಲ್ಲಿ ಕ್ರೈಸ್ತರಲ್ಲದವರೂ ಬಹಳ ಮಂದಿ. ತಮಿಳಿನಲ್ಲಿ ಇದನ್ನು ಕರೆಯುವುದು ‘ತಿರುತ್ತಲಂ’ ಎಂದು. ‘ತಲಂ’ ಎಂದರೆ ಸ್ಥಳ. ‘ತಿರುಚ್ಚಬೈ’ ಮತ್ತು ‘ತಿರುತ್ತಲಂ’ ಎಂಬ ಈ ಎರಡು ಪದಗಳ ನಡುವಣ ಅಂತರವೇ ನಮ್ಮ ವಿಷಯದ ತಿರುಳು. ಸ್ಥಳಕ್ಕೆ ಬರುವವರನ್ನು ಕೂಡಿಸುವುದು ಅವರವರ ಸಂಕಟ ಮತ್ತು ಹರಕೆ. ಅಲ್ಲಿ ಯಾರನ್ನೂ ಯಾರೂ ಜಾತಿ ಕೇಳುವುದಿಲ್ಲ. ಯಾರೂ ಯಾರಿಗೂ ಹೊಣೆಯೂ ಅಲ್ಲ. ಕಷ್ಟದಲ್ಲಿರುವವನಿಗೆ ಬಾಗಿಲು ತೆರೆದಿಡುವ ಈ ಔದಾರ್ಯವನ್ನು ಕಡೆಗಣಿಸುವುದು ಸಲ್ಲದು. ಆದರೆ ಹಬ್ಬ ಮುಗಿದ ಮರುದಿನ ಆ ಜನಸಮೂಹ ಇರುವುದಿಲ್ಲ.

ಮೂರನೆಯದು ಸಭೆ, ವಾರವಾರವೂ ಅದೇ ಜನ ಕೂಡುವ, ಹೆಸರು ದಾಖಲಿಸಿಕೊಂಡ, ಸ್ನಾನದೀಕ್ಷೆ, ಮದುವೆ, ಮಣ್ಣುಗಳನ್ನು ಒಟ್ಟಿಗೆ ನಡೆಸುವ ಸಮುದಾಯ. ಇದು ಸ್ಥಳದಂತೆ ಎಲ್ಲರಿಗೂ ತೆರೆದುದಲ್ಲ, ಭ್ರಾತೃತ್ವದ ಸಂಸ್ಥೆಯಂತೆ ಸಮಾನಮನಸ್ಕರು ಕಟ್ಟಿಕೊಂಡುದೂ ಅಲ್ಲ. ಕ್ರೈಸ್ತ ಸಮುದಾಯತತ್ತ್ವದ ವಿಶಿಷ್ಟತೆ ಇರುವುದು ಇಲ್ಲಿಯೇ. ಸದಸ್ಯರು ಒಬ್ಬರನ್ನೊಬ್ಬರು ಆರಿಸಿಕೊಂಡಿಲ್ಲ, ಕರೆದವನು ಬೇರೆ. ಆದ್ದರಿಂದ ತಾನು ಆರಿಸಿಕೊಳ್ಳದ, ಬಹುಶಃ ಎಂದೂ ಆರಿಸಿಕೊಳ್ಳಲಾರದ ಇನ್ನೊಬ್ಬನೊಡನೆ ಕೂರುವುದು ಅಲ್ಲಿ ಐಚ್ಛಿಕವಲ್ಲ. ಜರ್ಮನ್ ದೈವಶಾಸ್ತ್ರಜ್ಞ ಬಾನ್‍ಹಾಫರ್ 1930ರಲ್ಲಿ ಪ್ರಕಟವಾದ ತಮ್ಮ ಪ್ರೌಢಪ್ರಬಂಧದಲ್ಲಿ ಕ್ರಿಸ್ತನು ಸಮುದಾಯದ ರೂಪದಲ್ಲಿಯೇ ಇರುತ್ತಾನೆಂದು ಪ್ರತಿಪಾದಿಸಿದುದು ಈ ತತ್ತ್ವದ ತುದಿಯನ್ನು ಮುಟ್ಟಿದ ಮಾತು. 1964ರ ನವೆಂಬರಿನಲ್ಲಿ ಹೊರಬಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ಸಂವಿಧಾನಪತ್ರ ಧರ್ಮಾಧಿಕಾರಿಗಳ ಅಧ್ಯಾಯಕ್ಕಿಂತ ಮೊದಲು ‘ದೇವಜನ’ರ ಅಧ್ಯಾಯವನ್ನು ಇರಿಸಿದುದೂ ಇದೇ ದಿಕ್ಕಿನ ಹೆಜ್ಜೆ.

4

ಈ ತತ್ತ್ವವನ್ನು ಕುರಿತ ಇಪ್ಪತ್ತನೆಯ ಶತಮಾನದ ಮುಖ್ಯ ಗ್ರಂಥಗಳಲ್ಲೊಂದು ತಮಿಳು ನೆಲದಲ್ಲಿ ಬಿಷಪ್ಪರಾಗಿದ್ದವರಿಂದಲೇ ಬಂದಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ಒಂದಾಗಿ ‘ದಕ್ಷಿಣ ಭಾರತ ಸಭೆ’ ರೂಪುಗೊಂಡಿತು. ಅದರ ಮೊದಲ ಬಿಷಪ್ಪರಲ್ಲೊಬ್ಬರಾಗಿ ಮದುರೈ–ರಾಮನಾಡಿನಲ್ಲಿಯೂ, 1965ರಿಂದ 1974ರವರೆಗೆ ಮದರಾಸಿನಲ್ಲಿಯೂ ಕಾರ್ಯನಿರ್ವಹಿಸಿದ ಲೆಸ್ಲಿ ನ್ಯೂಬಿಗಿನ್ 1952ರಲ್ಲಿ ಗ್ಲಾಸ್ಗೋದಲ್ಲಿ ನೀಡಿದ ಉಪನ್ಯಾಸಗಳು ಮರುವರ್ಷ ‘ದಿ ಹೌಸ್‍ಹೋಲ್ಡ್ ಆಫ್ ಗಾಡ್’ ಎಂಬ ಹೆಸರಿನಲ್ಲಿ ಪ್ರಕಟವಾದವು. ಕ್ರಿಸ್ತನೊಡನೆ ನಾವು ಕೂಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಮೂರು ಉತ್ತರಗಳನ್ನು ಅವರು ಗುರುತಿಸುತ್ತಾರೆ. ವಾಕ್ಯವನ್ನು ಕೇಳಿ ನಂಬುವುದರಿಂದ ಎಂಬುದು ಪ್ರಾಟೆಸ್ಟೆಂಟ್ ಉತ್ತರ. ಅದರಂತೆ ಸಭೆ ವಿಶ್ವಾಸಿಗಳ ಕೂಟ. ಚಾರಿತ್ರಿಕವಾಗಿ ಅವಿಚ್ಛಿನ್ನವಾದ ಶರೀರದಲ್ಲಿ ಸಂಸ್ಕಾರಗಳ ಮೂಲಕ ಸೇರುವುದರಿಂದ ಎಂಬುದು ಕಥೋಲಿಕ ಉತ್ತರ; ಅದರಂತೆ ಸಭೆ ಕ್ರಿಸ್ತನ ದೇಹ. ಪವಿತ್ರಾತ್ಮನನ್ನು ಅನುಭವದಲ್ಲಿ ಪಡೆಯುವುದರಿಂದ ಎಂಬುದು ಪೆಂಟಕಾಸ್ಟಲ್ ಉತ್ತರ. ಅದರಂತೆ ಸಭೆ ಆತ್ಮನ ಸಮುದಾಯ. ಈ ಮೂರೂ ನಿಜ, ಆದರೆ ಒಂಟಿಯಾಗಿ ಹಿಡಿದರೆ ಮೂರೂ ವಿಕಾರಗೊಳ್ಳುತ್ತವೆ ಎಂಬುದು ಅವರ ವಾದ. ಪೆಂಟಕಾಸ್ಟಲ್ ಪಂಥವನ್ನು ಇತರರು ಲಘುವಾಗಿ ಕಾಣುತ್ತಿದ್ದ ಕಾಲದಲ್ಲಿಯೇ ಅದಕ್ಕೆ ಸಮಸ್ಥಾನ ಕೊಟ್ಟುದು ಗ್ರಂಥದ ಹೆಚ್ಚುಗಾರಿಕೆ. ಮುಂದಿನ ದಶಕಗಳಲ್ಲಿ ಭಾರತದಲ್ಲಿಯೂ ಹೊರಗೂ ಆ ಪಂಥ ಬೆಳೆದ ಬಗೆಯನ್ನು ನೋಡಿದರೆ ಅವರ ದೂರದೃಷ್ಟಿಯನ್ನು ಒಪ್ಪಲೇಬೇಕಾಗುತ್ತದೆ.

ಆದರೆ ಒಂದು ಆಕ್ಷೇಪಣೆಗೆ ಇಲ್ಲಿ ಎಡೆಯಿದೆ. ಈ ಮೂರು ಶೀರ್ಷಿಕೆಗಳೂ ಪಶ್ಚಿಮದ ಪಂಥಕಲಹಗಳು ಕೊಟ್ಟ ಶೀರ್ಷಿಕೆಗಳು. ವಿಶ್ವಾಸ, ಸಂಸ್ಕಾರ, ಅನುಭವ ಎಂಬ ಮೂರನ್ನೂ ಸಮನಾಗಿ ಉಳಿಸಿಕೊಂಡ ಸಭೆಯೊಂದು ದಕ್ಷಿಣ ಭಾರತದಲ್ಲಿ ಎರಡು ಬಟ್ಟಲುಗಳಲ್ಲಿ ದ್ರಾಕ್ಷಾರಸವನ್ನು ಹಂಚಲು ಸಾಧ್ಯವಿತ್ತು. ಹಾಗೆ ಹಂಚಿದ ಚರಿತ್ರೆಯೂ ಇದೆ. ಯಾರೊಡನೆ ಉಣ್ಣುತ್ತೀರಿ, ಯಾರ ಮನೆಯಿಂದ ಹೆಣ್ಣು ತರುತ್ತೀರಿ, ಯಾರ ಪಕ್ಕದಲ್ಲಿ ಹೂಳಿಸಿಕೊಳ್ಳುತ್ತೀರಿ ಎಂಬ ನಾಲ್ಕನೆಯ ಶೀರ್ಷಿಕೆ ಆ ಗ್ರಂಥದ ವಿನ್ಯಾಸದಲ್ಲಿ ಇಲ್ಲ. ತಮಿಳು ಹಳ್ಳಿಗಳ ಸಭೆಗಳನ್ನು ಹತ್ತಿರದಿಂದ ಬಲ್ಲ ಬಿಷಪ್ಪರೊಬ್ಬರ ಕೃತಿಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ.

ನ್ಯೂಬಿಗಿನ್ನರಿಗೆ ಬಲವಾದ ಪ್ರತಿವಾದ ಬಂದುದು ಬೇರೊಂದು ಕಡೆಯಿಂದ. ಬೆಂಗಳೂರಿನ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿರುವ ಕ್ರೈಸ್ತ ಸಂಸ್ಥೆಯ ಎಂ. ಎಂ. ಥಾಮಸ್ ಅವರು 1970ರ ಸುಮಾರಿನಲ್ಲಿ, ಕ್ರಿಸ್ತನನ್ನು ಕೇಂದ್ರವಾಗಿ ಒಪ್ಪಿದವರ ಅನ್ಯೋನ್ಯತೆ ಕ್ರೈಸ್ತ ಮತೀಯ ಸಮುದಾಯದ ಗಡಿಯಾಚೆಗೂ, ಹಿಂದೂ ಸಮಾಜದ ಒಳಗೂ ರೂಪುಗೊಳ್ಳಬಹುದೆಂದು ವಾದಿಸಿದರು. ಕಣ್ಣಿಗೆ ಕಾಣುವ ಒಂದು ಜನಸಮುದಾಯವಿಲ್ಲದೆ ಆ ಅನ್ಯೋನ್ಯತೆ ನಿಲ್ಲದೆಂಬುದು ನ್ಯೂಬಿಗಿನ್ನರ ಉತ್ತರ. ಈ ವಾದಕ್ಕೆ ಮದರಾಸಿನಲ್ಲಿ ಹಿಂದಿನ ಪೀಠಿಕೆಯೂ ಇತ್ತು. ತಾಂಬರಂನಲ್ಲಿ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನ ನಡೆದ 1938ರಲ್ಲಿಯೇ ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದವರು ಪ್ರಕಟಿಸಿದ ‘ರೀಥಿಂಕಿಂಗ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ’ ಎಂಬ ಸಂಕಲನ, ಪಶ್ಚಿಮದಿಂದ ಬಂದ ಸಂಸ್ಥಾರೂಪದ ಸಭೆ ಕ್ರಿಸ್ತನಿಗೆ ಅನಿವಾರ್ಯವೆ ಎಂದು ಕೇಳಿತ್ತು. ಮದರಾಸು ನಗರದಲ್ಲಿ ಮತ್ತು ತಮಿಳುನಾಡಿನ ಹಳ್ಳಿಗಳಲ್ಲಿ ದೀಕ್ಷಾಸ್ನಾನ ಪಡೆಯದೆಯೇ ಯೇಸುವನ್ನು ಆರಾಧಿಸುವವರನ್ನು ಕುರಿತು ಹರ್ಬರ್ಟ್ ಹೋಫರ್ ನಡೆಸಿದ ಅಧ್ಯಯನ 1991ರಲ್ಲಿ ಗ್ರಂಥರೂಪದಲ್ಲಿ ಬಂದಾಗ ಈ ಪ್ರಶ್ನೆ ಬರಿಯ ತರ್ಕದ್ದಲ್ಲವೆಂಬುದು ಸ್ಥಿರಪಟ್ಟಿತು. ಬೆಸೆಂಟ್ ನಗರದ ಹರಕೆಯವರನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಅವರಲ್ಲಿ ಭಕ್ತಿಯಿದೆ, ಸಭೆಯಿಲ್ಲ.

ಅವರು ಸಭೆಯೊಳಕ್ಕೆ ಏಕೆ ಬರುವುದಿಲ್ಲ ಎಂಬುದಕ್ಕೆ ಕುಟುಂಬದ ಒತ್ತಡ, ಕಾನೂನಿನ ತೊಡಕು ಮುಂತಾದ ಕಾರಣಗಳಿವೆ. ಅವುಗಳಲ್ಲಿ ಒಂದನ್ನು ಮರೆಯುವಂತಿಲ್ಲ: ಸಭೆಯೊಳಗೆ ಹೋಗುವುದೆಂದರೆ ನಮ್ಮ ದೇಶದಲ್ಲಿ ಹಲವೊಮ್ಮೆ ಒಂದು ಜಾತಿಯನ್ನು ಬಿಟ್ಟು ಇನ್ನೊಂದನ್ನು ಸೇರಿದಂತೆ ಕಾಣುತ್ತದೆ. ಸಭೆಯೇ ಒಂದು ಜಾತಿಯಂತೆ ಕಾಣಿಸತೊಡಗಿದಾಗ ಥಾಮಸರ ವಾದಕ್ಕೆ ಬಲ ಬರುತ್ತದೆ. ಆದರೆ ಜಾತಿಯನ್ನು ಮುರಿಯಲು ಕಣ್ಣಿಗೆ ಕಾಣುವ, ಒಟ್ಟಿಗೆ ಉಣ್ಣುವ ಒಂದು ಗುಂಪು ಬೇಕೆಂಬ ಅರ್ಥದಲ್ಲಿ ನ್ಯೂಬಿಗಿನ್ನರ ವಾದವೂ ಬಿದ್ದುಹೋಗುವುದಿಲ್ಲ.

5

ಹೀಗೆ ನಮ್ಮ ವಿವೇಚನೆ ಪಂಕ್ತಿಯ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಆ ಸಭೆಯ ಮೇಲೆ ಹೊರಿಸುವ ದೊಡ್ಡ ಆಪಾದನೆ ಸಿದ್ಧಾಂತದ್ದಲ್ಲ. ಉಳ್ಳವರು ಮೊದಲೇ ಬಂದು ತಮ್ಮ ಊಟವನ್ನು ತಾವು ಮುಗಿಸುತ್ತಾರೆ, ಇಲ್ಲದವರು ಹಸಿದು ನಿಲ್ಲುತ್ತಾರೆ. ಹೀಗಿರುವಾಗ ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಉಣ್ಣುತ್ತಿದ್ದ ಪೇತ್ರನು ಯೆರೂಸಲೇಮಿನವರು ಬಂದೊಡನೆ ಹಿಂದೆ ಸರಿದಾಗ ಪೌಲನು ಅವನನ್ನು ಎದುರಾಎದುರು ಖಂಡಿಸಿದ ಪ್ರಸಂಗವಿದೆ. ಈ ದೋಷಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಪಂಕ್ತಿಭೇದ. ಇಂಗ್ಲಿಷಿನ ವ್ಯಾಖ್ಯಾನಗಳನ್ನು ಓದುವವರಿಗಿಂತ ಕನ್ನಡದ ಓದುಗನಿಗೆ ಪೌಲನ ಸಿಟ್ಟಿನ ಕಾರಣ ಬೇಗ ಅರ್ಥವಾಗುತ್ತದೆ. ಏಕೆಂದರೆ ಆ ಪದವನ್ನು ಹುಟ್ಟಿಸಿದ ಸಮಾಜದಲ್ಲಿ ಅವನು ಬದುಕುತ್ತಿದ್ದಾನೆ.

ದಕ್ಷಿಣದ ಕ್ರೈಸ್ತ ಚರಿತ್ರೆಯನ್ನು ಈ ಒಂದು ಪದದ ಬೆಳಕಿನಲ್ಲಿ ಓದಬಹುದು. 1606ರಲ್ಲಿ ಮದುರೈಗೆ ಬಂದ ಯೇಸುಸಭೆಯ ರಾಬರ್ಟ್ ಡಿ ನೊಬಿಲಿ ಸಂನ್ಯಾಸಿಯ ವೇಷ ತಾಳಿ, ಜಾತಿಯ ಆಚಾರಗಳನ್ನು ಮತದ ಅಂಗವಲ್ಲದ ಲೌಕಿಕ ರೂಢಿಗಳೆಂದು ಪರಿಗಣಿಸಿದರು. 1623ರಲ್ಲಿ ಪೋಪರ ಸಮ್ಮತಿಯೂ ದೊರೆಯಿತು. ಎರಡು ಶತಮಾನಗಳ ಬಳಿಕ, 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಹೊರಡಿಸಿದ ಪತ್ರ ಇದಕ್ಕೆ ವಿರುದ್ಧವಾದ ನಿಲುವನ್ನು ತಾಳಿತು. ಕೂರುವ ಜಾಗದಲ್ಲಿ, ಸಂಸ್ಕಾರ ಸ್ವೀಕರಿಸುವ ಸರದಿಯಲ್ಲಿ ಜಾತಿಭೇದವನ್ನು ಕೂಡಲೇ ಕೈಬಿಡಬೇಕೆಂದು ಅದು ವಿಧಿಸಿತು. ತಂಜಾವೂರಿನಲ್ಲಿಯೂ ಮದರಾಸಿನ ವೇಪೇರಿಯಲ್ಲಿಯೂ ಅನೇಕರು ಸಭೆಯನ್ನೇ ಬಿಟ್ಟುಹೋದರು. ವಿಶ್ವಾಸವನ್ನು ಬಿಡಲು ಅವರು ಸಿದ್ಧರಿರಲಿಲ್ಲ. ಪಂಕ್ತಿಯನ್ನು ಬದಲಿಸಲೂ ಸಿದ್ಧರಿರಲಿಲ್ಲ.

ಕನ್ನಡ ನಾಡಿನಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಈ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಸಭೆಗೆ ಸೇರುವವರು ಜಾತಿಯನ್ನು ಪೂರ್ಣವಾಗಿ ತೊರೆಯಬೇಕಾಗಿತ್ತು. ಇದರ ಪರಿಣಾಮವನ್ನು ಮಿಷನ್ನೇ ಹೊರಬೇಕಾಯಿತು. ಕುಟುಂಬದಿಂದ, ಗೇಣಿಯ ಭೂಮಿಯಿಂದ, ಕಳ್ಳು ಇಳಿಸುವ ಕಸುಬಿನಿಂದ ದೂರವಾದ ಬಿಲ್ಲವರೇ ಮೊದಲಾದವರಿಗೆ ಅನ್ನದ ದಾರಿ ತೋರಲೆಂದು ನೇಯ್ಗೆಯ ಕಾರ್ಖಾನೆ ಬಂದಿತು. 1865ರಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಮಂಗಳೂರು ಹಂಚಿನ ಹಿಂದೆ ಸಮುದಾಯತತ್ತ್ವದ ಈ ಚರಿತ್ರೆಯಿದೆ ಎಂಬುದನ್ನು ಉದ್ಯಮದ ಇತಿಹಾಸಕಾರರು ಹೇಳುತ್ತಾರೆ, ಸಾಹಿತ್ಯದವರು ಮರೆಯುತ್ತಾರೆ. ಹಾಗೆಂದು ಅದನ್ನು ಆದರ್ಶವೆನ್ನುವಂತಿಲ್ಲ. ಗುರುವೂ ಧಣಿಯೂ ಮಿಷನ್ನೇ ಆದಾಗ ಸಭೆಯ ಅನ್ಯೋನ್ಯತೆ ಕೂಲಿಯ ಲೆಕ್ಕದೊಡನೆ ತೊಡಕಿಕೊಳ್ಳುತ್ತದೆ. ಆದರೂ ಒಟ್ಟಿಗೆ ಉಣ್ಣಬೇಕೆಂದು ಹೇಳಿದವರು ಆ ಊಟಕ್ಕೆ ಬೇಕಾದ ಅನ್ನದ ಹೊಣೆಯನ್ನೂ ಹೊತ್ತರು ಎಂಬುದು ಸಣ್ಣ ಸಂಗತಿಯಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದುದು ಅದೇ ಕರಾವಳಿಯ ಕಥೋಲಿಕರ ಅನುಭವ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಕೆನರಾ ಕಥೋಲಿಕರು ಇಗರ್ಜಿಗಳಿಲ್ಲದೆ, ಪಾದ್ರಿಗಳಿಲ್ಲದೆ 1799ರವರೆಗೆ ಉಳಿದರು. ಬದುಕುಳಿದವರಲ್ಲಿ ಬಹಳ ಮಂದಿ ಮರಳಿ ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಕಟ್ಟಡವಿಲ್ಲದೆಯೂ ಸಭೆ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಪ್ರಬಲ ಸಾಕ್ಷ್ಯ ಬೇಕಿಲ್ಲ. ಆದರೆ ಮತಾಂತರಕ್ಕೆ ಮೊದಲಿನ ಜಾತಿಗಳ ನೆನಪು, ಮದುವೆಯ ಸಂಬಂಧಗಳಲ್ಲಿ ಅದರ ಪಾಲನೆ ಆ ಸಂಕಟದ ಬಳಿಕವೂ ಉಳಿದವು. ಸಮುದಾಯದ ಉಳಿವು ಬೇರೆ, ಸಮುದಾಯತತ್ತ್ವದ ಸಿದ್ಧಿ ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಪ್ರಶ್ನೆಯನ್ನು ದೈವಶಾಸ್ತ್ರದ ಕೇಂದ್ರಕ್ಕೆ ತಂದವರು ದಲಿತ ಕ್ರೈಸ್ತ ಚಿಂತಕರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ಅದರ ಆರಂಭಬಿಂದುವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಮುಂದೆ ಅವರು ಮದರಾಸಿನ ಗುರುಕುಲದಲ್ಲಿ ದಲಿತ ದೈವಶಾಸ್ತ್ರದ ವಿಭಾಗವನ್ನು ನಡೆಸಿದರು. 2016ರಲ್ಲಿ ಭಾರತದ ಕಥೋಲಿಕ ಬಿಷಪ್ಪರ ಸಮ್ಮೇಳನವೇ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗಿನ ಅಸ್ಪೃಶ್ಯತೆಯನ್ನು ಒಪ್ಪಿಕೊಂಡಿತು. ಇನ್ನೊಂದು ಕಡೆ, ಪರಿಶಿಷ್ಟ ಜಾತಿಗಳನ್ನು ಕುರಿತ 1950ರ ರಾಷ್ಟ್ರಪತಿಗಳ ಆಜ್ಞೆ ಆ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಕ್ರೈಸ್ತರಲ್ಲಿ ಜಾತಿಯಿಲ್ಲವೆಂಬ ತತ್ತ್ವದ ಮಾತು ಹೀಗೆ ಕಾನೂನಿನ ಮಾತಾಗಿ, ಆ ತತ್ತ್ವವನ್ನು ನಂಬಿ ಬಂದವರಿಗೇ ನಷ್ಟವನ್ನು ತಂದಿತು. ಆಚರಣೆಯಲ್ಲಿಲ್ಲದ ತತ್ತ್ವ ನಿರುಪದ್ರವಿಯೆಂದು ತಿಳಿಯುವವರು ಈ ಸಂಗತಿಯನ್ನು ಗಮನಿಸಬೇಕು.

6

ಈಗ ನಮ್ಮ ಕ್ಷೇತ್ರಕ್ಕೆ ಮರಳಬಹುದು. ವಚನಕಾರರ ಸ್ಥಾವರ–ಜಂಗಮಗಳ ವಿವೇಕ ಸ್ಥಳಕ್ಕೂ ಸಭೆಗೂ ಇರುವ ವ್ಯತ್ಯಾಸಕ್ಕೆ ಬಹು ಹತ್ತಿರದ್ದು. ‘ಸ್ಥಲ’ವೆಂಬ ಪದವನ್ನೇ ಅವರು ಊರಿನ ಅರ್ಥದಿಂದ ಬಿಡಿಸಿ, ಷಟ್‍ಸ್ಥಲವೆಂದು ಸಾಧಕನ ಒಳನಡೆಯ ಮೆಟ್ಟಿಲುಗಳಿಗೆ ಅನ್ವಯಿಸಿದರು. ಬಸವಣ್ಣನವರ ಚರಿತ್ರೆಯನ್ನು ಹೇಳುವ ಕಥನಪರಂಪರೆಯಲ್ಲಿ ಅವರು ಅಂತ್ಯಜನೆನಿಸಿದ ನಾಗಿದೇವನ ಮನೆಯಲ್ಲಿ ಪ್ರಸಾದ ಸ್ವೀಕರಿಸಿದುದು ಬಿಜ್ಜಳನ ಬಳಿಗೆ ದೂರಾಗಿ ಹೋಗುತ್ತದೆ. ಹರಳಯ್ಯ–ಮಧುವಯ್ಯಗಳ ಮನೆತನಗಳ ನಡುವಣ ಮದುವೆ ಕಲ್ಯಾಣದ ಕೇಡಿಗೆ ಕಾರಣವಾಗುತ್ತದೆ. ಎಂದರೆ ಆ ಪರಂಪರೆಯೂ ತನ್ನ ಸಮುದಾಯದ ನಿಜವನ್ನು ಇಟ್ಟದ್ದು ಪಂಕ್ತಿಯಲ್ಲಿ ಮತ್ತು ಮದುವೆಯಲ್ಲಿ. ಆದರೆ ನಮ್ಮ ವಿಮರ್ಶೆ ಹೆಚ್ಚಾಗಿ ಎತ್ತಿಹಿಡಿದುದು ಅನುಭವಮಂಟಪದ ಗೋಷ್ಠಿಯನ್ನು. ಆ ಗೋಷ್ಠಿಯ ಭವ್ಯಚಿತ್ರ ನಮಗೆ ಬಹುಮಟ್ಟಿಗೆ ದೊರೆತಿರುವುದು ಶರಣರು ಚದುರಿಹೋದ ಎಷ್ಟೋ ಕಾಲದ ನಂತರ, ಹದಿನೈದನೆಯ ಶತಮಾನದಿಂದೀಚೆಗೆ ಸಂಕಲಿತವಾದ ಶೂನ್ಯಸಂಪಾದನೆಗಳಿಂದ. ಸಂವಾದವನ್ನು ಸಂಕಲಿಸಬಹುದು, ಪಂಕ್ತಿಯನ್ನು ಸಂಕಲಿಸಲಾಗದು, ಪ್ರತಿ ತಲೆಮಾರೂ ಅದನ್ನು ಮತ್ತೆ ಹಾಕಬೇಕಾಗುತ್ತದೆ.

ಎರಡು ಪರಂಪರೆಗಳೂ ಒಂದೇ ಎಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಕ್ರೈಸ್ತರಲ್ಲಿ ಸಮುದಾಯ ಒಬ್ಬನ ಮರಣ ಮತ್ತು ಪುನರುತ್ಥಾನದ ನಂಬಿಕೆಯ ಮೇಲೆ ನಿಂತಿದೆ. ಶರಣರಲ್ಲಿ ಇಷ್ಟಲಿಂಗ, ಕಾಯಕ, ದಾಸೋಹಗಳ ಮೇಲೆ. ಆದರೆ ಎರಡನ್ನೂ ಓದುವ ವಿಮರ್ಶಕನಿಗೆ ಒಂದು ಅಳತೆಗೋಲು ದೊರೆಯುತ್ತದೆ. ಸಮುದಾಯವನ್ನು ಅದರ ಘೋಷಣೆಯಿಂದ ಅಳೆಯುವುದಾದರೆ ಅಡಯಾರಿನ ವಿಶ್ವಭ್ರಾತೃತ್ವ ಎಲ್ಲರಿಗಿಂತ ಮುಂದು. ಜನಸಂದಣಿಯಿಂದ ಅಳೆಯುವುದಾದರೆ ಕಡಲತಡಿಯ ಕ್ಷೇತ್ರ ಮುಂದು. ಆರಿಸಿಕೊಳ್ಳದವನ ಪಕ್ಕದಲ್ಲಿ ಕೂತು ಉಣ್ಣುವ ಹೊಣೆಯಿಂದ ಅಳೆಯುವುದಾದರೆ ಮಾತ್ರ ‘ಸಭೆ’ ಎಂಬ ಪದಕ್ಕೆ ತನ್ನದೇ ಆದ ಅರ್ಥ ಬರುತ್ತದೆ. ಆ ಅಳತೆಯಲ್ಲಿ ದಕ್ಷಿಣದ ಸಭೆಗಳು ಹಲವೊಮ್ಮೆ ಸೋತಿವೆ. ಆಡಳಿತದ ಚುನಾವಣೆ, ಆಸ್ತಿಗಳ ವ್ಯಾಜ್ಯಗಳನ್ನು ನ್ಯಾಯಾಲಯಗಳಿಗೆ ಒಯ್ಯುವಾಗಲೂ ಸೋಲುತ್ತಿವೆ. ಆದರೆ ಸೋಲನ್ನು ಸೋಲೆಂದು ತೋರಿಸುವ ಅಳತೆಯನ್ನು ಒದಗಿಸಿರುವುದು ಅವುಗಳದೇ ಗ್ರಂಥ, ಅವುಗಳದೇ ಭೋಜನ ಎಂಬುದನ್ನು ಗಮನಿಸಬೇಕು. ಕೊರಿಂಥದ ಸಭೆಯನ್ನು ಪೌಲನು ಪಂಕ್ತಿಭೇದಕ್ಕಾಗಿ ಖಂಡಿಸಿದನೇ ಹೊರತು ಅದು ಸಭೆಯೇ ಅಲ್ಲವೆಂದು ಬಿಟ್ಟುಬಿಡಲಿಲ್ಲ. ಪತ್ರವನ್ನು ಅವನು ಬರೆದುದು ಅವರಿಗೇ.

ಕನ್ನಡದ ಮಟ್ಟಿಗೆ ನಮ್ಮ ಸೂಚನೆ ಇಷ್ಟೇ. ‘ಸಭೆ’ಯನ್ನು ಬದಲಿಸಬೇಕಾಗಿಲ್ಲ, ಅದರ ಜೊತೆಗೆ ‘ಪಂಕ್ತಿ’ಯನ್ನೂ ಈ ವಿಷಯದ ಪಾರಿಭಾಷಿಕ ಪದವಾಗಿ ಪರಿಗಣಿಸಬೇಕು. ಕೊಯ್ನೊನಿಯದಲ್ಲಿ ಅಡಗಿರುವ, ‘ಅನ್ಯೋನ್ಯತೆ’ಯಲ್ಲಿ ಮಸುಕಾದ ಪಾಲುಗೊಳ್ಳುವಿಕೆಯ ಅರ್ಥವನ್ನು ಅದು ಮರಳಿ ತರುತ್ತದೆ. ಶರಣಸಂಕುಲ, ಜೈನಸಂಘ, ದಾಸಕೂಟಗಳನ್ನು ಕುರಿತು ಬರೆಯುವ ನಾವೂ ಅಲ್ಲಿ ಯಾರು ಮಾತನಾಡಿದರು ಎಂಬುದರ ಜೊತೆಗೆ ಯಾರು ಯಾರೊಡನೆ ಉಂಡರು ಎಂಬುದನ್ನೂ ಕೇಳಬೇಕಾದ ಕಾಲ ಬಂದಿದೆ.